ಹಿಕ್ಸ್‌ವಿಲ್‌ಗೆ ಆರು ಬಾಟಲಿ

ಹೋಬೋಕನ್
ಮಾರ್ಚ್ 14, 1976

ಪ್ರಾಣೇಶ,

ಏಳು ವರ್ಷದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯೆ. ಕೂಡಲೇ ಹರಿದು ಹಾಕಬೇಡ. ಇದರಲ್ಲಿ ಬೈಗುಳ ಇಲ್ಲ.

ಜನವರಿ ಒಂಬತ್ತಕ್ಕೆ ಧಾರವಾಡದಲ್ಲಿ ಅಪ್ಪ ತೀರಿಕೊಂಡರು. ತಂತಿ ನನಗೆ ಮುಟ್ಟುವ ಹೊತ್ತಿಗೆ ಹನ್ನೊಂದು ದಿನವಾಗಿತ್ತು. ಕೊಳ್ಳಿ ಇಟ್ಟವನು ಕಾಕಾನ ಮಗ ಬದರಿ. ತಂತಿ ತಡವಾದದ್ದು ಯಾರ ಮರೆವಿನಿಂದಲೂ ಅಲ್ಲ. ಎಲ್ಲ ಮುಗಿದ ಮೇಲೆ ತಿಳಿಸಿದರೆ ಸಾಕು ಎಂದು ಅಪ್ಪನೇ ಹೇಳಿ ಹೋಗಿದ್ದರಂತೆ.

ಹೋದ ವಾರ ಅಲ್ಲಿಂದ ಬಂದವರೊಬ್ಬರು ಅಪ್ಪನ ಕೈಪೆಟ್ಟಿಗೆ ತಂದುಕೊಟ್ಟರು. ಅವ್ವ ಕಳಿಸಿದ್ದು. ಒಳಗೆ ಅವರ ಕನ್ನಡಕ, ಒಂದು ಪಂಚಾಂಗ, ದಾರ ಕಟ್ಟಿದ ನನ್ನ ಪತ್ರಗಳ ಕಟ್ಟು ಇದ್ದವು. ಆರು ವರ್ಷ ತಿಂಗಳಿಗೊಂದರಂತೆ ಬರೆದಿದ್ದೆ. ಒಂದನ್ನೂ ಒಡೆದಿಲ್ಲ. ಓದು ಮುಗಿಸಿ ಊರಿಗೆ ಹೋಗದೆ ಇಲ್ಲೇ ಕೆಲಸ ಹಿಡಿದೆನಲ್ಲ, ಆ ಸಿಟ್ಟು ಎಂದುಕೊಂಡಿದ್ದೆ. ಕಟ್ಟಿನ ಕೆಳಗೆ ಒಡೆದಿದ್ದ ಒಂದೇ ಒಂದು ಇನ್‌ಲ್ಯಾಂಡ್ ಪತ್ರವಿತ್ತು. 1969ರ ಅಕ್ಟೋಬರ್‌ನಲ್ಲಿ ನಿನ್ನ ಸೋದರಮಾವ ಕೃಷ್ಣಸ್ವಾಮಿ ಬೆಂಗಳೂರಿನಿಂದ ಬರೆದದ್ದು.

ಅವರು ಆಫೀಸಿನ ಕೆಲಸದ ಮೇಲೆ ನ್ಯೂಯಾರ್ಕಿಗೆ ಬಂದು ನಾವಿಬ್ಬರೂ ಇದ್ದ ರೂಮಿನಲ್ಲಿ ಎರಡು ದಿನ ಇದ್ದರು. ನಾನು ಆ ವಾರ ಬಫಲೋಗೆ ಹೋಗಿದ್ದೆ. ಪತ್ರದ ಮಾತು ಹಾಗೆಯೇ ಕೊಡುತ್ತೇನೆ: "ಮಂಚದ ಕೆಳಗೆ ಆರು ಖಾಲಿ ಬಿಯರ್ ಬಾಟಲಿ ಕಂಡೆ. ಅವು ತಮ್ಮ ಚಿರಂಜೀವಿಯವೆಂದು ನಮ್ಮ ಪ್ರಾಣೇಶ ತಲೆತಗ್ಗಿಸಿ ಹೇಳಿದ. ಎಷ್ಟು ಬೇಡಿಕೊಂಡರೂ ಬಿಡುತ್ತಿಲ್ಲವಂತೆ."

ಆ ಬಾಟಲಿಗಳು ಯಾರವೆಂದು ನನಗೂ ಗೊತ್ತು, ನಿನಗೂ ಗೊತ್ತು. ನಾನು ಅಲ್ಲಿಯವರೆಗೆ ಬಿಯರಿನ ಮುಚ್ಚಳವನ್ನೂ ಮೂಸಿದವನಲ್ಲ. ಸುಳ್ಳು ಹೇಳಿದೆಯಾ ಎಂದು ನಾನು ಕೇಳುತ್ತಿಲ್ಲ. ಯಾಕೆ ಎಂದು ಮಾತ್ರ ಕೇಳುತ್ತಿದ್ದೇನೆ.

ಜಯತೀರ್ಥ

ಹಿಕ್ಸ್‌ವಿಲ್
ಏಪ್ರಿಲ್ 4, 1976

ಪ್ರಿಯ ಜಯಾ,

ನಿನ್ನ ಪತ್ರವನ್ನು ಮೂರು ವಾರ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ನಿಮ್ಮಪ್ಪ, ನಮ್ಮ ಮಾಸ್ತರರು, ಹೋದದ್ದು ಗೊತ್ತಿರಲಿಲ್ಲ. ಅವರ ಮನೆಯ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಉಂಡಿದ್ದೇನೆ.

ಯಾಕೆ ಎಂದು ಕೇಳಿದ್ದೀ. ಉತ್ತರ ಬಹಳ ಸಣ್ಣದು. ಮಾವ ಒಂದು ಬಾಟಲಿ ಕೈಯಲ್ಲಿ ಹಿಡಿದು "ಯಾರದಪ್ಪಾ ಇದು?" ಅಂದರು. ನನ್ನನ್ನು ಓದಿಸಿದವರು ಅವರು. ನೀನು ರೂಮಿನಲ್ಲಿರಲಿಲ್ಲ, ನಿನ್ನ ಹೆಸರು ಬಾಯಿಗೆ ಬಂತು. ಅಷ್ಟೇ. ಅವರು ಧಾರವಾಡಕ್ಕೆ ಬರೆಯುತ್ತಾರೆಂದು ನನಗೆ ಹೊಳೆದಿರಲಿಲ್ಲ. ಬರೆದದ್ದು ಆಮೇಲೆ ತಿಳಿಯಿತು. ಆಗ ನಿನ್ನ ಮುಖ ನೋಡಲಾರದೆ ರೂಮು ಬಿಟ್ಟೆ.

ಆ ಮೇಲಿನ ನನ್ನ ಕಥೆ ನೀನು ಕೇಳಿಲ್ಲ. ಕುಡಿತ ಬೆಳೆಯಿತು. ಮದುವೆಯಾಯಿತು, ಆಗಲೂ ಬಿಡಲಿಲ್ಲ. ಎರಡು ಕೆಲಸ ಹೋದವು. ಕೊನೆಗೆ ಪದ್ಮಜಾ ನನ್ನನ್ನು ಕೈಹಿಡಿದು ಇಲ್ಲಿಯ ಚರ್ಚಿನ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಕುಡಿತ ಬಿಟ್ಟವರು ಬುಧವಾರ ಬುಧವಾರ ಅಲ್ಲಿ ಸೇರುತ್ತಾರೆ. ಇವತ್ತಿಗೆ ಹದಿಮೂರು ತಿಂಗಳು, ಒಂದು ಹನಿ ಮುಟ್ಟಿಲ್ಲ. ವಾರವೆಲ್ಲ ಹೇಗೋ ಕಳೆಯುತ್ತದೆ. ಶನಿವಾರ ಹತ್ತರಿಂದ ಒಂದರವರೆಗೆ ಅವಳು ಮಗಳು ಮಂಜರಿಯನ್ನು ಲೈಬ್ರರಿಗೆ ಕರೆದೊಯ್ಯುತ್ತಾಳೆ. ಮನೆಯಲ್ಲಿ ನಾನೊಬ್ಬನೇ. ಆ ಮೂರು ತಾಸು ಮಾತ್ರ ಬಹಳ ಕಷ್ಟ.

ನಾವು ನೋಯಿಸಿದವರ ಪಟ್ಟಿ ಮಾಡಿ ಒಬ್ಬೊಬ್ಬರಲ್ಲೂ ಕ್ಷಮೆ ಕೇಳಬೇಕೆಂದು ಆ ಸಭೆಯ ನಿಯಮ. ನನ್ನ ಪಟ್ಟಿಯಲ್ಲಿ ನಿನ್ನ ಹೆಸರು ಏಳನೆಯದು. ಐದರ ತನಕ ಬಂದಿದ್ದೆ. ನಿನ್ನ ಪತ್ರವೇ ಮೊದಲು ಬಂತು. ಕ್ಷಮಿಸು, ಜಯಾ.

ನಿನ್ನ
ಪ್ರಾಣೇಶ

ಹೋಬೋಕನ್
ಮೇ 9, 1976

ಪ್ರಾಣೇಶ,

ಏಳನೆಯದು ಎಂದು ಬರೆದೆಯಲ್ಲ, ಆ ಸಾಲನ್ನು ಬಹಳ ಸಲ ಓದಿದೆ. ನನಗಿಂತ ಮುಂದಿನ ಆರು ಜನರಿಗೆ ನೀನು ಏನೇನು ಮಾಡಿರಬಹುದು ಎಂದು ಯೋಚಿಸಿದೆ. ಅವರ ಅಪ್ಪಂದಿರೂ ಅವರ ಪತ್ರ ಒಡೆಯದೆ ಸತ್ತರೇ?

ಹೋಗಲಿ. ನನ್ನ ಸಮಾಚಾರ ಹೇಳುತ್ತೇನೆ. ನಾನಿರುವ ಮನೆಯ ಮಾಲೀಕ ವಾಲ್ಟರ್ ಎಂಬ ಮುದುಕ ನ್ಯೂವರ್ಕಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು. ಕಾರ್ಖಾನೆ ಮುಚ್ಚಿತು. ಈಗ ಕೆಳಗಿನ ನೆಲಮಾಳಿಗೆಯಲ್ಲಿ ತನಗೆ ಬೇಕಾದಷ್ಟು ತಾನೇ ಮಾಡಿಕೊಳ್ಳುತ್ತಾನೆ. ಇಷ್ಟು ವರ್ಷ "ಬಾ, ಒಂದು ಗ್ಲಾಸು" ಎಂದು ಕರೆದಾಗಲೆಲ್ಲ ನಾನು ಕೈ ಮುಗಿದು ಮೇಲೆ ಹೋಗುತ್ತಿದ್ದೆ. ಏಪ್ರಿಲ್ ತಿಂಗಳ ಅಪ್ಪನ ಮಾಸಿಕ ಮುಗಿದ ಮಾರನೆಯ ದಿನ ಕೆಳಗಿಳಿದೆ. ಕುಡಿಯುವುದಕ್ಕಲ್ಲ, ಮಾಡುವುದು ಹೇಗೆಂದು ಕೇಳಿದೆ. ಕುಡುಕ ಎಂಬ ಹೆಸರು ಹೊತ್ತಾಗಿದೆ. ಕಸುಬನ್ನಾದರೂ ಕಲಿಯೋಣ ಎಂದುಕೊಂಡೆ.

ಮನೆಯಲ್ಲಿ ಬಿಯರ್ ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಡಿಸೆಂಬರ್‌ನಲ್ಲಿ ನನ್ನ ಸಿಟಿಜನ್‌ಷಿಪ್ ಸಂದರ್ಶನ ಬೇರೆ ಇದೆ. ಆದರೂ ಮಾಡಿದೆ. ಮೊಳೆತ ಬಾರ್ಲಿಯಿಂದ ತೆಗೆದ ಪಾಕ ಡಬ್ಬಿಯಲ್ಲಿ ಸಿಗುತ್ತದೆ. ಜೋನಿಬೆಲ್ಲದ ಹಾಗೆ ಮಂದವಾಗಿ, ಸೌಟಿನಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಅದನ್ನು ನೀರಿನಲ್ಲಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಐದು ಗ್ಯಾಲನ್ನಿನ ಗಾಜಿನ ಬುಂಡೆಯಲ್ಲಿ ಬಿಟ್ಟೆವು. ವಾರವೆಲ್ಲ ಬುಂಡೆ ಗುಳುಗುಳು ಎನ್ನುತ್ತಿತ್ತು.

ಮೊನ್ನೆ ಮೊದಲ ಬಾಟಲಿ ತೆಗೆದೆವು. ಮುಚ್ಚಳ ಕಳಚಿದಾಗ ಬರುವ ಆ ಸಣ್ಣ ಉಸಿರಿನ ಸದ್ದು ನಿನಗೆ ನೆನಪಿರಬೇಕು. ಗ್ಲಾಸನ್ನು ಓರೆ ಹಿಡಿದು ಸುರಿದರೆ ಮೊದಲು ಜೇನಿನ ಬಣ್ಣ, ಆಮೇಲೆ ಎರಡು ಬೆರಳು ಬಿಳಿ ನೊರೆ. ಗ್ಲಾಸಿನ ಹೊರಗೆ ಹನಿಗಟ್ಟಿ ನೀರು ಇಳಿಯುತ್ತಿತ್ತು. ವಾಲ್ಟರ್ "ಕುಡಿಯಬಹುದು, ಆದರೆ ಮೂಗಿಗೆ ಏನೂ ಇಲ್ಲ" ಅಂದ. ಮೂಗಿಗೂ ಸಿಗುವಂತೆ ಮಾಡುವುದನ್ನು ಬೇಸಗೆ ಕಳೆದ ಮೇಲೆ ಕಲಿಸುತ್ತಾನಂತೆ.

ಕಲಿತು ನಿನಗೆ ಬರೆಯುತ್ತೇನೆ. ಬಿಯರ್ ಬಲ್ಲ ಗೆಳೆಯ ನನಗೆ ನೀನೊಬ್ಬನೇ ಅಲ್ಲವೇ?

ಜಯತೀರ್ಥ

ಹಿಕ್ಸ್‌ವಿಲ್
ಜೂನ್ 20, 1976

ಶ್ರೀ ಜಯತೀರ್ಥ ಅವರಿಗೆ,

ನಾನು ಪ್ರಾಣೇಶ ಅವರ ಹೆಂಡತಿ ಪದ್ಮಜಾ. ನಾವು ಒಮ್ಮೆಯೂ ಭೇಟಿಯಾಗಿಲ್ಲ. ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ.

ಮೇ ತಿಂಗಳಲ್ಲಿ ನೀವು ಬರೆದ ಪತ್ರ ಇವರ ಕೋಟಿನ ಜೇಬಿನಲ್ಲಿ ಸಿಕ್ಕಿತು. ಮಡಿಕೆಯಲ್ಲಿ ಹರಿಯುವಷ್ಟು ಸಲ ಓದಿದ್ದಾರೆ. ಮಡಿಕೆ ಸವೆದದ್ದು ಎಲ್ಲಿ ಎಂದು ನೋಡಿದೆ. ನಿಮ್ಮ ತಂದೆಯವರ ಮಾತಿರುವ ಕಡೆ ಅಲ್ಲ, ಗ್ಲಾಸಿಗೆ ಸುರಿಯುವ ಕಡೆ.

ಇವರು ನಿಮಗೆ ಮಾಡಿದ್ದು ನನಗೆ ಗೊತ್ತು. ತಾವೇ ಹೇಳಿದರು. ಅದನ್ನು ಸರಿ ಎಂದು ವಾದಿಸುವುದಕ್ಕೆ ನಾನು ಬರೆಯುತ್ತಿಲ್ಲ. ನೀವು ಬೈದು ಬರೆಯಿರಿ, ಇಲ್ಲಿಗೆ ಬಂದು ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆಯಿರಿ, ನಾನು ಬಾಗಿಲು ತೆಗೆದು ನಿಮಗೆ ಕಾಫಿ ಕೊಡುತ್ತೇನೆ. ಬಿಯರಿನ ಬಗ್ಗೆ ಮಾತ್ರ ಬರೆಯಬೇಡಿ.

ಕುಡಿಯುವಾಗ ಇವರು ಹೇಗಿದ್ದರು ಎಂದು ನಿಮಗೆ ಹೇಳುವುದು ನನಗೆ ನಾಚಿಕೆ. ಒಂದೇ ಮಾತು ಹೇಳುತ್ತೇನೆ. ಮಂಜರಿ ಎರಡು ವರ್ಷದವಳಿದ್ದಾಗ ಇವರು ಕಾರಿನ ಬೀಗದ ಕೈ ತೆಗೆದುಕೊಂಡರೆ ಸಾಕು, ಅವಳು ಹೋಗಿ ಸೋಫಾದ ಹಿಂದೆ ಕೂರುತ್ತಿದ್ದಳು. ಈಗ ಅವಳಿಗೆ ನಾಲ್ಕು. ಈಗೀಗ ಅವರ ಹೆಗಲ ಮೇಲೆ ಕೂರುತ್ತಾಳೆ.

ನೀವು ಓದಿದವರು, ಮಾಸ್ತರರ ಮಗ. ಇಷ್ಟು ಹೇಳಿದರೆ ಸಾಕು ಎಂದು ನಂಬಿದ್ದೇನೆ.

ಪದ್ಮಜಾ

ಹೋಬೋಕನ್
ಸೆಪ್ಟೆಂಬರ್ 26, 1976

ಪ್ರಾಣೇಶ,

ನಿನ್ನ ಹೆಂಡತಿಯ ಪತ್ರ ಬಂದಿತ್ತು. ಉತ್ತರ ಬರೆಯಲಿಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ ಎಂದು ಹೇಳು. ನನ್ನ ಮಾತು ನಿನ್ನೊಡನೆ.

ನಾನು ಹೇಳಿದ್ದನ್ನು ಕಲಿತೆ. ಅದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ.

ಹಾಪ್ಸ್ ಎಂದರೆ ಒಂದು ಬಳ್ಳಿಯ ಹೂವು. ಒಣಗಿದ ಮೇಲೆ ತಿಳಿಹಸಿರು ಕಾಗದದಲ್ಲಿ ಮಾಡಿದ ಮೊಗ್ಗಿನಂತೆ ಕಾಣುತ್ತದೆ, ಬೆರಳ ತುದಿಯಷ್ಟು ಗಾತ್ರ. ಎಸಳು ಬಿಡಿಸಿದರೆ ಒಳಗೆ ಅರಿಶಿನದಂಥ ಪುಡಿ. ಬಿಯರಿನ ಕಹಿಯೆಲ್ಲ ಅದರದು. ಆದರೆ ಕಹಿ ಬಿಡಬೇಕಾದರೆ ಒಂದು ತಾಸು ಕುದಿಸಬೇಕು, ಕುದಿಸಿದರೆ ವಾಸನೆಯೆಲ್ಲ ಹಬೆಯಲ್ಲಿ ಹೋಗುತ್ತದೆ. ಆದ್ದರಿಂದ ಕುದಿಸುವಾಗ ಒಂದು ಪಾಲು ಹಾಕಿ, ಬಿಯರ್ ಹುದುಗಿ ತಣ್ಣಗಾಗಿ ತಿಳಿಯಾದ ಮೇಲೆ ಇನ್ನೊಂದು ಪಾಲು ಒಣ ಹೂವನ್ನು ಹಾಗೆಯೇ ಹಾಕಿಬಿಡುವುದು. ಬೆಂಕಿ ಕಾಣದ ಹೂವು ತನ್ನ ವಾಸನೆಯನ್ನೆಲ್ಲ ಬಿಯರಿಗೆ ಕೊಡುತ್ತದೆ.

ವಾಷಿಂಗ್ಟನ್ ರಾಜ್ಯದಲ್ಲಿ ಹಾಪ್ಸ್ ಬೆಳೆಯುವ ಹಳೆಯ ಪರಿಚಯದವನೊಬ್ಬ ವಾಲ್ಟರನಿಗೆ ಒಂದು ಹೊಸ ಜಾತಿಯ ಹೂವು ಕಳಿಸಿದ್ದ. ಪೊಟ್ಟಣ ಬಿಚ್ಚಿದೆ, ನೆಲಮಾಳಿಗೆಯಲ್ಲೆಲ್ಲ ಚಕ್ಕೋತದ ಸಿಪ್ಪೆ ಸುಲಿದ ಹಾಗಾಯಿತು. ನಾನು ಅವಸರ ಮಾಡಿದೆ. ಬುಂಡೆಯ ಸಣ್ಣ ಬಾಯಿಂದ ಹೂವನ್ನು ಹಿಡಿ ಹಿಡಿಯಾಗಿ ತುರುಕಿದೆ. ಬಿಯರಿನಲ್ಲಿ ಅಡಗಿದ್ದ ಗಾಳಿಯೆಲ್ಲ ಒಮ್ಮೆಲೇ ಎದ್ದು, ಉಕ್ಕುವ ಹಾಲಿನಂತೆ ನೊರೆ ನನ್ನ ಕೈ, ಅಂಗಿ, ನೆಲದ ಮೇಲೆ ಹರಿಯಿತು. ವಾಲ್ಟರ್ ಕೆಮ್ಮು ಬರುವಷ್ಟು ನಕ್ಕ. ಉಳಿದ ಹೂವನ್ನು ತೆಳು ಬಟ್ಟೆಯ ಉದ್ದನೆ ಚೀಲದಲ್ಲಿ ಕಟ್ಟಿಸಿದ. ಹಾಪ್ಸ್ ತೇಲುತ್ತದೆ, ಮುಳುಗಲಿ ಎಂದು ಕುದಿಸಿದ ಗೋಲಿಗಳನ್ನು ಅದರೊಳಗೆ ಹಾಕಿದೆವು. ಮೆಲ್ಲಗೆ ಇಳಿಬಿಟ್ಟೆವು.

ಹತ್ತು ದಿನ. ದಿನಾ ಆಫೀಸಿನಿಂದ ಬಂದು ಮುಚ್ಚಳ ಸಡಿಲಿಸಿ ಮೂಸುತ್ತಿದ್ದೆ. ಎರಡನೆಯ ದಿನ ಕೊಯ್ದ ಹುಲ್ಲಿನ ವಾಸನೆ, ಕೆಟ್ಟಿತು ಎಂದುಕೊಂಡೆ. ಐದನೆಯ ದಿನ ಹುಲ್ಲು ಹಿಂದೆ ಸರಿದು ನಿಂಬೆ ಬಂತು. ಎಂಟರ ಹೊತ್ತಿಗೆ ಚಕ್ಕೋತ, ಅದರ ಹಿಂದೆ ದವನದಂಥದು ಏನೋ. ಇವತ್ತು ಬಾಟಲಿಗೆ ತುಂಬಿದೆವು. ಗುಳ್ಳೆ ಕಟ್ಟಲಿ ಎಂದು ಒಂದಿಷ್ಟು ಸಕ್ಕರೆ ಹಾಕಿದ್ದೇವೆ, ಇನ್ನೆರಡು ವಾರ ಬೇಕು.

ಹಾಸ್ಟೆಲಿನಲ್ಲಿ ಸಾರಿನ ವಾಸನೆಯಿಂದಲೇ ಇವತ್ತು ಯಾವ ಅಡಿಗೆಯವನು ಎಂದು ಹೇಳುತ್ತಿದ್ದವನು ನೀನು. ಹತ್ತು ದಿನವೂ ನಾನು ಮೂಸಿದ್ದು ನಿನ್ನ ಮೂಗಿನಿಂದ. ಯಾರಿಗಾಗಿ ಇಷ್ಟು ಕಷ್ಟ ಎಂದು ವಾಲ್ಟರ್ ಕೇಳಿದ. ಒಬ್ಬ ಹಳೆಯ ಗೆಳೆಯನಿಗೆ ಎಂದೆ. "ಪುಣ್ಯವಂತ" ಅಂದ.

ಜಯತೀರ್ಥ

ಹಿಕ್ಸ್‌ವಿಲ್
ಅಕ್ಟೋಬರ್ 3, 1976

ಜಯಾ,

ಬೇಡ. ನಿನ್ನ ಕಾಲು ಹಿಡಿಯುತ್ತೇನೆ. ಕಳಿಸಬೇಡ. ಬಂದರೆ ನಾನು ಕುಡಿಯುತ್ತೇನೆ.

ಪ್ರಾಣೇಶ

ಹೋಬೋಕನ್
ಅಕ್ಟೋಬರ್ 13, 1976

ಪ್ರಾಣೇಶ,

ನಿನ್ನ ಮಾವನಿಗೂ ಹೀಗೆಯೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. "ಬಾಟಲಿ ನನ್ನವು." ಏಳು ವರ್ಷ ಕಾಲಾವಕಾಶವಿತ್ತು.

ಶನಿವಾರ ಹದಿನಾರಕ್ಕೆ ರೈಲಿನಲ್ಲಿ ಬರುತ್ತೇನೆ. ಹತ್ತೂವರೆಗೆ ನಿನ್ನ ಹಿತ್ತಿಲ ಮೆಟ್ಟಿಲ ಮೇಲೆ ಇಟ್ಟು ಹಿಂತಿರುಗುತ್ತೇನೆ. ಗಂಟೆ ಬಾರಿಸುವುದಿಲ್ಲ. ಮಂಚದ ಕೆಳಗೆ ಎಷ್ಟು ಸಿಕ್ಕವೋ ಅಷ್ಟೇ ಬಾಟಲಿ. ಅವು ಖಾಲಿ ಇದ್ದವು, ಇವು ತುಂಬಿವೆ. ಈ ಸಲ ಯಾರವು ಎಂದು ಕೇಳಿದರೆ ಜಯತೀರ್ಥನವು ಎಂದು ಧೈರ್ಯವಾಗಿ ಹೇಳು. ಸುಳ್ಳಾಗುವುದಿಲ್ಲ.

ಜಯತೀರ್ಥ

ಐಸೆಲಿನ್
ಅಕ್ಟೋಬರ್ 28, 1976

ಜಯತೀರ್ಥ ಅವರಿಗೆ,

ಫೋನಿನಲ್ಲಿ ನಿಮ್ಮ ದನಿ ಕೇಳಲು ಇಷ್ಟವಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಆ ಶನಿವಾರ ನಾವು ಲೈಬ್ರರಿಯಿಂದ ಬಂದಾಗ ಒಂದು ಗಂಟೆ. ಇವರು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ನಾಲ್ಕು ಬಾಟಲಿ ಖಾಲಿ. ನಗುತ್ತಿದ್ದರು. "ಪದ್ದೀ, ಮೂಸಿ ನೋಡ. ಚಕ್ಕೋತದ ಸಿಪ್ಪಿ! ಅಂವಾ ಬರದದ್ದು ಖರೇ ಅದ" ಅಂದರು. ಮಂಜರಿ ನನ್ನ ಸೀರೆ ಹಿಡಿದು "ಈಸ್ ಡ್ಯಾಡಿ ಸಿಕ್ ಅಗೇನ್?" ಎಂದು ಕೇಳಿದಳು. ನಾಲ್ಕು ವರ್ಷದ ಮಗುವಿಗೆ ಆ ಕೊನೆಯ ಮಾತು ಗೊತ್ತಿರಬಾರದಿತ್ತು.

ಉಳಿದೆರಡು ಸಂಜೆಗೆ ಮುಗಿದವು. ಸೋಮವಾರ ತಾವೇ ಅಂಗಡಿಗೆ ಹೋಗಿ ರಮ್ ತಂದರು. ಬುಧವಾರದ ಸಭೆಗೆ ಹೋಗಲಿಲ್ಲ. ಗುರುವಾರ ಆಫೀಸಿನ ಕಾರ್ ಪಾರ್ಕಿನಲ್ಲಿ ಬಿದ್ದು ಹಣೆ ಒಡೆದುಕೊಂಡು, ಟ್ಯಾಕ್ಸಿಯಲ್ಲಿ ಮನೆಗೆ ಬಂದರು. ಒಂದು ತಿಂಗಳು ಬರಬೇಡ ಎಂದು ಆಫೀಸಿನವರು ಕಾಗದ ಕಳಿಸಿದ್ದಾರೆ. ಇವತ್ತಿಗೆ ಹನ್ನೆರಡು ದಿನ.

ನಾನು ಒಮ್ಮೆ ಇವರನ್ನು ಈ ಬಾವಿಯಿಂದ ಎತ್ತಿದ್ದೇನೆ. ವಾಂತಿ ಒರೆಸಿದ್ದೇನೆ, ಕೈ ನಡುಗುವಾಗ ಅನ್ನ ತಿನ್ನಿಸಿದ್ದೇನೆ, ಇವರ ಮೇಲಧಿಕಾರಿಗೆ ಸುಳ್ಳು ಹೇಳಿದ್ದೇನೆ. ಇನ್ನೊಂದು ಸಲ ನನ್ನಿಂದಾಗದು. ಮಗಳನ್ನು ಕರೆದುಕೊಂಡು ನನ್ನ ಅಕ್ಕ ತ್ರಿಪುರಸುಂದರಿಯ ಮನೆಗೆ ಬಂದಿದ್ದೇನೆ.

ಕುಡಿಸಿದವರು ನೀವು. ಇನ್ನು ಇವರನ್ನು ನೀವೇ ಇಟ್ಟುಕೊಳ್ಳಿ.

ಮನೆಯ ಬೀಗದ ಕೈ ಪಕ್ಕದ ಮನೆಯ ಮಿಸೆಸ್ ಡೋಲನ್ ಹತ್ತಿರ ಇದೆ. ನಿಮ್ಮ ಹೆಸರು ಹೇಳಿದ್ದೇನೆ. ಡಾಕ್ಟರ್ ಮುರುಗೆಪ್ಪನವರ ನಂಬರು ಫ್ರಿಜ್ಜಿನ ಮೇಲೆ ಬರೆದಿದೆ. ಕುಡಿತ ಒಮ್ಮೆಲೇ ನಿಲ್ಲಿಸಿದರೆ ಇವರಿಗೆ ಅಪಾಯ, ಮೊದಲು ಡಾಕ್ಟರನ್ನು ಕರೆಸಿ. ಭಾನುವಾರ ಸಂಜೆಯೊಳಗೆ ನೀವು ಅಲ್ಲಿರಬೇಕು.

ಬರದಿದ್ದರೆ ಏನು ಮಾಡುತ್ತೇನೆಂದೂ ಹೇಳಿಬಿಡುತ್ತೇನೆ. ನಿಮ್ಮ ನೆಲಮಾಳಿಗೆಯಲ್ಲಿ ಏನೇನಿದೆ, ಎಷ್ಟು ಗ್ಯಾಲನ್ ಎಂದು ನೀವೇ ನಿಮ್ಮ ಕೈಯಾರೆ ಬರೆದ ಪತ್ರಗಳು ನನ್ನ ಹತ್ತಿರ ಇವೆ. ಅವನ್ನು ಇಂಗ್ಲಿಷಿಗೆ ಅನುವಾದ ಮಾಡಿದ್ದೇನೆ. ಮದ್ಯದ ಕಾನೂನು ನೋಡುವ ಫೆಡರಲ್ ಆಫೀಸಿಗೆ ಒಂದು, ನಿಮ್ಮ ಸಿಟಿಜನ್‌ಷಿಪ್ ಅರ್ಜಿ ನೋಡುವವರಿಗೆ ಒಂದು. ಎರಡೂ ಕವರಿಗೆ ವಿಳಾಸ ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ.

ಪದ್ಮಜಾ

ಹಿಕ್ಸ್‌ವಿಲ್
ನವೆಂಬರ್ 14, 1976

ಪದ್ಮಜಾ ಅವರಿಗೆ,

ನಾನು ಬಂದದ್ದು ಹೆದರಿ. ನಿಮ್ಮ ಎರಡು ಕವರುಗಳಿಗೆ ಹೆದರಿ. ಇವತ್ತಿಗೆ ಹದಿನೈದು ದಿನವಾಯಿತು, ಈಗ ಸುಳ್ಳು ಹೇಳಿ ಏನಾಗಬೇಕು?

ಬಾಗಿಲು ತೆಗೆದಾಗ ಪ್ರಾಣೇಶ ಬಚ್ಚಲುಮನೆಯ ನೆಲದ ಮೇಲಿದ್ದ. ಅವನನ್ನು ಕಂಡು ನನಗೆ ಖುಷಿಯಾಯಿತು. ಇದನ್ನು ನಿಮಗೆ ಹೇಳಲೇಬೇಕು. ಬಾಗಿಲಲ್ಲಿ ನಿಂತು ಚೆನ್ನಾಗಿ ನೋಡಿದೆ. ಅವನು ಕಣ್ಣು ಬಿಟ್ಟು "ಬಂದ್ಯಾ? ಛೊಲೋ ಆತು. ಕೈ ಕೊಡು" ಅಂದ. ಕೈ ಕೊಡಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ.

ಡಾಕ್ಟರ್ ಮುರುಗೆಪ್ಪ ಬಂದು ಮಾತ್ರೆ ಕೊಟ್ಟರು, ನಾಲ್ಕು ದಿನ ಅವನನ್ನು ಬಿಟ್ಟು ಕದಲಕೂಡದು ಎಂದರು. ನನ್ನ ಖುಷಿ ಎರಡು ದಿನ ಬಾಳಿತು. ಮೂರನೆಯ ದಿನ ಅವನಿಗೆ ಲೋಟ ಹಿಡಿಯಲಾಗಲಿಲ್ಲ, ಹಲ್ಲಿಗೆ ಬಡಿಯುತ್ತಿತ್ತು. ಗೋಡೆಯ ಮೇಲೆ ಇರುವೆ ಹತ್ತಿವೆ, ಒರೆಸು ಎಂದು ಗೋಗರೆದ. ಇರುವೆ ಇರಲಿಲ್ಲ. ಬಟ್ಟೆ ತಂದು ಒರೆಸಿದೆ. ಮಧ್ಯಾಹ್ನವೆಲ್ಲ ಆ ಬರಿ ಗೋಡೆ ಒರೆಸುತ್ತ ನಿಂತಿದ್ದೆ. ಹಾಸಿಗೆಯ ಬಟ್ಟೆ ದಿನಕ್ಕೆ ಎರಡು ಸಲ ಒಗೆದೆ. ಇದನ್ನೆಲ್ಲ ನೀವು ಒಬ್ಬರೇ, ಮಗು ಕಟ್ಟಿಕೊಂಡು ಮಾಡಿದ್ದಿರಿ.

ಆರನೆಯ ದಿನ ಗಂಜಿ ಕುಡಿದು ಗೋಡೆಗೆ ಒರಗಿ ಕೂತ.

"ನಿಮ್ಮವ್ವಗ ನಾ ಬರೀಲೇನು?" ಎಂದು ಕೇಳಿದ.

"ಏನಂತ ಬರೀತಿ?"

"ಬಾಟ್ಲಿ ನನ್ನವು ಅಂತ."

ಕಾಗದ, ಪೆನ್ನು ಕೊಟ್ಟೆ. ಕೈ ನಡುಗಿ ಒಂದು ಪುಟಕ್ಕೆ ಎರಡು ದಿನ ಹಿಡಿಯಿತು. ಒಂದು ಮಾತನ್ನೂ ಬಚ್ಚಿಟ್ಟಿಲ್ಲ. ನಾನು ಹೋದ ತಿಂಗಳು ಮಾಡಿದ್ದನ್ನು ಮಾತ್ರ ಅದರಲ್ಲಿ ಬರೆದಿರಲಿಲ್ಲ. "ಅದನ್ನೂ ಬರಿ" ಎಂದೆ. "ಅದು ನೀ ಬರೀಬೇಕು, ನಾ ಅಲ್ಲ" ಅಂದ.

ಆ ಪತ್ರವನ್ನು ನಾಲ್ಕು ದಿನ ಜೇಬಿನಲ್ಲಿ ಇಟ್ಟುಕೊಂಡೆ. ಅದು ಮುಟ್ಟಿದರೆ, ಗಂಡ ಆರು ವರ್ಷ ತಪ್ಪು ತಿಳಿದು ಸತ್ತ ಎಂಬುದನ್ನು ಅವ್ವ ಈ ವಯಸ್ಸಿನಲ್ಲಿ ಹೊರಬೇಕಾಗುತ್ತದೆ. ಸುಮ್ಮನೆ ಹರಿದು ಹಾಕಿದ್ದರೆ ದೊಡ್ಡ ಮನುಷ್ಯನಾಗುತ್ತಿದ್ದೆ. ಆಗಲಿಲ್ಲ. ಸ್ಟೇಷನ್ನಿನ ಬಳಿಯ ಡಬ್ಬಿಯಲ್ಲಿ ಹಾಕಿ ಬಂದೆ. ಅದರೊಳಗೆ ನನ್ನದೂ ಒಂದು ಹಾಳೆ ಇದೆ. ಆರು ಬಾಟಲಿಯ ವಿಷಯ ಬರೆದಿದ್ದೇನೆ.

"ಕ್ಷಮಾ ಮಾಡೀಯೇನು?" ಎಂದು ನಿನ್ನೆ ಕೇಳಿದ. ಇಲ್ಲ ಎಂದೆ. "ಆತು, ಚಹಾ ಮಾಡು" ಅಂದ. ಮಾಡಿದೆ. ನಾನು ಅವನಲ್ಲಿ ಕ್ಷಮೆ ಕೇಳಿಲ್ಲ. ಕೇಳಬೇಕಾದದ್ದು ನಿಮ್ಮಲ್ಲಿ, ಮಂಜರಿಯಲ್ಲಿ. ಆದರೆ ಅದು ಒಂದು ಪಟ್ಟಿಯ ಸಾಲಾಗಿಬಿಡುತ್ತದೆ ಎಂದು ಬರೆಯಲು ಕೈ ಬರುತ್ತಿಲ್ಲ.

ಬುಧವಾರ ಅವನನ್ನು ಚರ್ಚಿಗೆ ಕರೆದುಕೊಂಡು ಹೋದೆ. ಹೊರಗೇ ಕಾಯುತ್ತೇನೆಂದರೆ ಅಲ್ಲಿಯ ಒಬ್ಬ ಮುದುಕಿ ಬಿಡಲಿಲ್ಲ, ಒಳಗೆ ಕೂರಿಸಿ ಕಾಫಿ ಕೊಟ್ಟಳು. ಪ್ರಾಣೇಶ ಎದ್ದು ನಿಂತು ಇವತ್ತಿಗೆ ಒಂಬತ್ತು ದಿನ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಏಪ್ರಿಲ್‌ನಲ್ಲಿ ಹದಿಮೂರು ತಿಂಗಳು ಎಂದು ಹೇಳಿದಾಗಲೂ ಹೀಗೆಯೇ ತಟ್ಟಿದ್ದರಂತೆ. ನಾನು ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ನನ್ನ ರಜೆ ಮುಗಿಯುತ್ತ ಬಂತು. ಸೋಮವಾರ ಇಪ್ಪತ್ತೆರಡಕ್ಕೆ ಆಫೀಸಿಗೆ ಹೋಗಬೇಕು. ಡಿಸೆಂಬರ್ ಏಳಕ್ಕೆ ಸಂದರ್ಶನ. ಅವನು ಈಗ ತಾನೇ ಸ್ನಾನ ಮಾಡುತ್ತಾನೆ, ಉಣ್ಣುತ್ತಾನೆ. ನೀವು ಯಾವಾಗ ಬರುತ್ತೀರಿ?

ಜಯತೀರ್ಥ

ಐಸೆಲಿನ್
ನವೆಂಬರ್ 18, 1976

ಜಯತೀರ್ಥ ಅವರಿಗೆ,

ನಿಮ್ಮ ಪತ್ರ ಓದಿದೆ. ಅಕ್ಕನಿಗೂ ಓದಿ ಹೇಳಿದೆ. ಅವಳು ಅತ್ತಳು. ನಾನು ಅಳಲಿಲ್ಲ.

ಆಫೀಸಿಗೆ ಅಲ್ಲಿಂದಲೇ ಹೋಗಿ. ಬೆಳಿಗ್ಗೆ ಆರು ನಲವತ್ತಕ್ಕೆ ರೈಲು ಇದೆ. ಹಗಲು ಹೊತ್ತು ಮಿಸೆಸ್ ಡೋಲನ್ ಇವರನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಸಂಜೆ ನಿಮ್ಮದು. ಶನಿವಾರ, ಭಾನುವಾರ ಪೂರ್ತಿ ನಿಮ್ಮದು.

ನಾನು ಯಾವಾಗ ಬರುತ್ತೇನೆಂದು ನನಗೇ ಗೊತ್ತಿಲ್ಲ. ಮಂಜರಿ ಇಲ್ಲಿ ಸೋಫಾದ ಹಿಂದೆ ಕೂರಲು ಜಾಗವಿದೆಯೇ ಎಂದು ದಿನಾ ನೋಡುತ್ತಾಳೆ. ಅದನ್ನು ಅವಳು ನಿಲ್ಲಿಸಲಿ, ಆಮೇಲೆ ಯೋಚಿಸುತ್ತೇನೆ. ನಿನ್ನೆ ಇವರು ಫೋನ್ ಮಾಡಿದ್ದರು. ದನಿ ಸರಿಯಾಗಿದೆ. ಮಗಳು ಎರಡು ಮಾತು ಆಡಿ ಫೋನನ್ನು ನನಗೆ ಕೊಟ್ಟಳು. ನಾನು ಕೆಳಗಿಟ್ಟೆ.

ಕ್ಷಮೆ ಕೇಳಲು ಕೈ ಬರುತ್ತಿಲ್ಲ ಎಂದಿದ್ದೀರಿ. ಬರುವುದೂ ಬೇಡ. ನಿಮ್ಮ ಕೈಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ. ಹಿತ್ತಿಲಲ್ಲಿ ಎಲೆ ಬಿದ್ದಿರುತ್ತದೆ, ಗುಡಿಸಿ. ಚಳಿಗೆ ಮುಂಚೆ ಕಿಟಕಿಗಳ ಸಂದು ಮುಚ್ಚಿಸಬೇಕು. ಇವರಿಗೆ ರಾತ್ರಿ ಅನ್ನಕ್ಕಿಂತ ಚಪಾತಿ ಒಳ್ಳೆಯದು. ನಿಮಗೆ ಬಾರದಿದ್ದರೆ ಇವರೇ ಹೇಳಿಕೊಡುತ್ತಾರೆ.

ಎರಡು ಕವರು ಇನ್ನೂ ಮೇಜಿನ ಮೇಲಿವೆ. ಅಂಚೆಗೆ ಹಾಕಿಲ್ಲ. ಹರಿದೂ ಇಲ್ಲ.

ಡಿಸೆಂಬರ್ ಏಳಕ್ಕೆ ಹೋಗಿ ಬನ್ನಿ. ಒಳ್ಳೆಯ ನಡತೆಯವರೇ ಎಂದು ಅಲ್ಲಿ ಕೇಳುತ್ತಾರಂತೆ. ನಿಮಗೆ ತೋಚಿದ್ದನ್ನು ಹೇಳಿ. ಸಂಜೆ ಅಡಿಗೆಯ ಹೊತ್ತಿಗೆ ಮನೆಯಲ್ಲಿರಿ.

ಪದ್ಮಜಾ